ಬೂತ್ ಮೇಷ್ಟ್ರ ಸೆಲ್ಲೋ, ನಿನ್ನ ಪಿಟೀಲು

ಗೆಳೆಯಾ,

ಮೊನ್ನೆ ಫೋನಿನಲ್ಲಿ ಗೊಣಗಿದೆಯಲ್ಲ, 60 ಅಸೈನ್‌ಮೆಂಟ್ ತಿದ್ದಿದೆ, ಅಷ್ಟೂ ಒಂದೇ ಗೈಡಿನ ಮಕ್ಕಳು ಅಂತ. ಅವತ್ತಿನಿಂದ ನನಗೆ ವೇಯ್ನ್ ಬೂತ್ ಮೇಷ್ಟ್ರದ್ದೇ ನೆನಪು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ರೆಟರಿಕ್ ಕಲಿಸುತ್ತಿದ್ದವರು. ಅದಕ್ಕೆ ಕನ್ನಡದಲ್ಲಿ ಏನನ್ನಬೇಕೋ! ಅಲಂಕಾರಶಾಸ್ತ್ರ ಅಂದರೆ ಉಪಮೆ, ರೂಪಕ ಕಣ್ಣಿಗೆ ಬರುತ್ತವೆ. ಭಾಷಣಕಲೆ ಅಂದರೆ ಮೈಕು, ಹಾರ. ಎದುರಿಗಿರುವವರಿಗೆ ಮಾತು ಮುಟ್ಟಿಸುವ ವಿದ್ಯೆ ಅಂದುಕೋ.

1963ರ ಒಂದು ಲೇಖನದಲ್ಲಿ ಅವರು ತಮ್ಮದೇ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತಾರೆ. ಹುಡುಗ ಜಾಣ, ಓದಿಕೊಂಡವನು, ಆದರೆ ಬರೆದದ್ದನ್ನು ಓದೋಕಾಗಲ್ಲ. ಒಂದು ದಿನ ಮೇಷ್ಟ್ರು ಹೇಳಿದ್ದೇ ತಪ್ಪು ಅಂತ ಅವನಿಗೆ ಅನ್ನಿಸಿತು. ಅದನ್ನು ತಿದ್ದಲೇಬೇಕು ಅಂತ ಹಟಕ್ಕೆ ಬಿದ್ದು ಬರೆದ ನೋಡು, ಇವನು ಅದೇ ಹುಡುಗನಾ ಅನ್ನಬೇಕು, ಹಾಗಿತ್ತು. ಯಾರಿಗೆ, ಯಾಕೆ ಬರೆಯುತ್ತಿದ್ದೇನೆ ಅಂತ ಈ ಸಲ ಅವನಿಗೆ ಗೊತ್ತಿತ್ತು, ಅಷ್ಟೇ. ವಿಷಯ, ಕೇಳುವವರು, ಹೇಳುವವನ ದನಿ, ಈ ಮೂರೂ ಹದವಾಗಿರಬೇಕು ಅನ್ನುವುದು ಅವರ ವಾದ. ಕೇಳುವವರನ್ನು ಮರೆತು ವಿಷಯ ಸುರಿದರೆ ಒಣ ಪಂಡಿತ. ವಿಷಯ ಬಿಟ್ಟು ಕೇಳುವವರನ್ನು ಓಲೈಸಿದರೆ ಜಾಹೀರಾತಿನವನು. ತನ್ನನ್ನೇ ಮೆರೆಸಿದರೆ ಬರೀ ಮನರಂಜನೆ. (ನಾವಿಬ್ಬರೂ ಮೊದಲನೇ ಗುಂಪು, ನೀನು ಸ್ವಲ್ಪ ಜಾಸ್ತಿ.) ಮುಂದಿನ ಸಲ ಬೇಕಂತಲೇ ಏನಾದರೂ ತಪ್ಪು ಹೇಳಿ ನೋಡು, ಒಬ್ಬನಾದರೂ ಸಿಡಿಯಬಹುದು.

ಬೂತ್ ಹುಟ್ಟಿದ್ದು 1921ರಲ್ಲಿ, ಅಮೆರಿಕದ ಯೂಟಾ ರಾಜ್ಯದಲ್ಲಿ, ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಮನೆಯಲ್ಲಿ. ಹೆಸರು ಬಂದದ್ದು ಕಾದಂಬರಿಯ ಬಗ್ಗೆ 1961ರಲ್ಲಿ ಬರೆದ ಪುಸ್ತಕದಿಂದ. ಕಥೆ ಹೇಳುವವನನ್ನೇ ಪೂರ್ತಿ ನಂಬಬೇಡಿ ಅಂತ ಕ್ಲಾಸಿನಲ್ಲಿ ಹೇಳುತ್ತೀಯಲ್ಲ, ಆ 'ಅನ್‌ರಿಲಯಬಲ್ ನರೇಟರ್' ಅನ್ನುವ ಮಾತು ಅವರದೇ. 60ರ ದಶಕದ ಕೊನೆಗೆ, ವಿದ್ಯಾರ್ಥಿಗಳು ಆಡಳಿತ ಕಟ್ಟಡದೊಳಗೆ ಧರಣಿ ಕೂರುತ್ತಿದ್ದ ಕಾಲದಲ್ಲಿ, ಶಿಕಾಗೋದಲ್ಲಿ ಡೀನ್ ಆಗಿದ್ದರು. ಕೂಗಾಟದ ನಡುವೆ ಇದ್ದು ಬಂದವರು, ಎದುರಿನವನ ಮಾತು ಕೇಳಿಸಿಕೊಳ್ಳುವುದೂ ರೆಟರಿಕ್ಕೇ ಅಂತ ಕೊನೆಕೊನೆಗೆ ಬರೆದರು.

ನಿಜ ಹೇಳಬೇಕಂದ್ರೆ ನಾನು ಈ ಕಾಗದಕ್ಕೆ ಕೂತದ್ದು ಅವರ ಸೆಲ್ಲೋ ವಿಷಯಕ್ಕೆ. ನಿನ್ನ ಪಿಟೀಲಿನ ದೊಡ್ಡಣ್ಣ, ಕುರ್ಚಿಯಲ್ಲಿ ಕೂತು ಮೊಣಕಾಲ ನಡುವೆ ಇಟ್ಟುಕೊಂಡು ನುಡಿಸುತ್ತಾರಲ್ಲ, ಅದು. 31ನೇ ವಯಸ್ಸಿಗೆ ಶುರು ಮಾಡಿದರು. ಅಷ್ಟು ಹೊತ್ತಿಗೆ ಬೆರಳು ಎಲ್ಲಿ ಮಾತು ಕೇಳುತ್ತೆ? ಆದರೂ ಬಿಡಲಿಲ್ಲ. ಕಛೇರಿ ಕೊಡೋಕಲ್ಲ, ಸುಮ್ನೆ, ಹೆಂಡತಿ ಮತ್ತು ಗೆಳೆಯರ ಜೊತೆ ದಶಕಗಟ್ಟಲೆ ನುಡಿಸಿದರು. ಹಾಗೆ ಇಷ್ಟಕ್ಕೆ ಮಾಡುವ ಕೆಲಸದ ಬಗ್ಗೆಯೇ 1999ರಲ್ಲಿ ಒಂದು ಇಡೀ ಪುಸ್ತಕ ಬರೆದರು. ತೀರಿಕೊಂಡದ್ದು 2005ರಲ್ಲಿ.

ನೀನೋ, ಜಂಟಿ ವರಸೆಗೇ ಸುಸ್ತಾಗಿ ಪಿಟೀಲನ್ನು ಬೀರು ಮೇಲೆ ಎತ್ತಿಟ್ಟಿದ್ದೀಯ. ಭಾನುವಾರ ಬರುತ್ತೇನೆ. ತಂತಿ ಹೋಗಿದ್ದರೆ ಈಗಲೇ ತಂದಿಡು. ಅಪಸ್ವರ ಎಷ್ಟಾದರೂ ಬರಲಿ, ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ನಾನೇ ಹೋಗಿ ಮಾತಾಡುತ್ತೇನೆ.

ನಿನ್ನ,
ಹಳೇ ರೂಮ್‌ಮೇಟು