ಒದ್ದೆ ಸೌದೆ

ತೀರ್ಥಹಳ್ಳಿ
ಪುಷ್ಯ ಮಳೆ

ಪುಟ್ಟೀ,

ಬೆಂಗಳೂರು ತಲುಪಿದೆ ಅಂತ ಅಮ್ಮನ ಹತ್ತಿರ ಹೇಳಿ ಫೋನ್ ಇಟ್ಟೆಯಂತೆ. ನನ್ನ ಹತ್ತಿರ ಮಾತಾಡಲಿಲ್ಲ. ಬೇಜಾರಾಗಿದೆ ಅಂತ ಗೊತ್ತು. ಆಲ್ಬಮ್ಮಿಗೆ ಎಂಟು ಹಾಡು ಬೇಕು, ಊರಿಗೆ ಹೋದರೆ ತಾನಾಗಿ ಬರುತ್ತದೆ ಅಂತ ಹತ್ತು ದಿನ ರಜೆ ಹಾಕಿ ಬಂದೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಮಳೆ ನೋಡಿದ್ದೇ ನೋಡಿದ್ದು. ಒಂದೂ ಬರಲಿಲ್ಲ.

ಈ ಗುಡ್ಡ, ಈ ಮಳೆ ನೋಡಿದವರೆಲ್ಲ ಹಾಡು ಕಟ್ಟುವುದಾದರೆ ನಮ್ಮ ಕೇರಿಯಲ್ಲಿ ಅಡಿಕೆ ಸುಲಿಯಲು ಜನವೇ ಸಿಗುತ್ತಿರಲಿಲ್ಲ. ನನಗಂತೂ ಈಗ ಮಳೆ ಅಂದರೆ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಲು ಮಳೆ ಬಿಡುವ ಹೊಳವು ಸಿಗುತ್ತಿಲ್ಲ ಅನ್ನುವ ತಲೆಬಿಸಿ, ಅಷ್ಟೇ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎಲ್ಲ ತಂದಿಟ್ಟು ವಾರವಾಯಿತು. ಕೊಳೆ ರೋಗ ಶುರುವಾದರೆ ಈ ವರ್ಷದ ಕಥೆ ಮುಗಿಯಿತು.

ಮದ್ದಳೆ ಅಡುಗೆಮನೆಗೆ ಯಾಕೆ ತೂಗುಹಾಕಿದ್ದೀಯ ಅಂತ ಕೇಳಿದ್ದೆಯಲ್ಲ. ಥಂಡಿಗೆ ಚರ್ಮ ಸಡಿಲವಾಗುತ್ತದೆ, ಶ್ರುತಿಗೆ ಬರುವುದೇ ಇಲ್ಲ. ಒಲೆಯ ಶಾಖ ತಾಗುತ್ತಿದ್ದರೆ ಶನಿವಾರದ ತಾಳಮದ್ದಳೆಗೆ, ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ, ಹೇಗೋ ಆಗುತ್ತದೆ. ಭಾಗವತರು ಪದ ಎತ್ತಿದ ಮೇಲೆ ನನಗೆ ಮೂಡ್ ಇಲ್ಲ ಅನ್ನಲಿಕ್ಕಾಗುತ್ತದಾ? ಕಲಿಯುವಾಗ ಒಂದು ಮಳೆಗಾಲ ಪೂರ್ತಿ ಏಳು ಮಾತ್ರೆಯ ತ್ರಿವುಡೆ ತಾಳ ಒಂದನ್ನೇ ಬಾರಿಸಿದ್ದೇನೆ. ಹಾಲು ಕರೆಯುವ ಮೊದಲು ಅರ್ಧ ಗಂಟೆ, ದಿನಾ. ಬೇಜಾರೆಂದರೆ ಬೇಜಾರು. ನಿನ್ನ ಅಜ್ಜಿ ಬೈಯುತ್ತಿದ್ದಳು, ಹಸು ಬೆಚ್ಚುತ್ತದೆ ಅಂತ.

ಯಕ್ಷಗಾನ ಪ್ರಸಂಗದ ಪುಸ್ತಕ ತೆಗೆದು ನೋಡು, ಕಪಾಟಿನ ಕೆಳಗಿನ ಸಾಲಿನದನ್ನು ನೀನೇ ಒಯ್ದಿದ್ದೀಯ. ಪ್ರತಿ ಹಾಡಿನ ತಲೆಯ ಮೇಲೆ ರಾಗ ಯಾವುದು, ತಾಳ ಯಾವುದು ಅಂತ ಬರೆದಿರುತ್ತದೆ. ನೀನೂ ಹಾಗೆ ಮಾಡಬಹುದಲ್ವಾ? ಕೂರುವ ಮೊದಲು ಹಾಳೆಯ ಮೇಲೆ ತಾಳದ ಹೆಸರು ಬರೆ. ಝಂಪೆ ಅಂದರೆ ಹತ್ತು ಮಾತ್ರೆ, ಇವತ್ತು ಹತ್ತರಲ್ಲೇ. ಬಿಳಿ ಹಾಳೆಯ ಹೆದರಿಕೆ ಅಲ್ಲಿಗೆ ಅರ್ಧ ಕಡಿಮೆ. ನಿನ್ನ ಮೊಬೈಲಿನಲ್ಲಿ ‘ಹೊಸ ರೆಕಾರ್ಡಿಂಗ್ 41’, ‘42’ ಅಂತ ಗುಡ್ಡೆ ಬಿದ್ದಿರುವುದನ್ನೂ ನೋಡಿದೆ. ಯಾವುದರಲ್ಲಿ ಏನಿದೆ ಅಂತ ನಿನಗೇ ಗೊತ್ತಿಲ್ಲ. ಗುನುಗಿದ ಕೂಡಲೇ ಮೊದಲ ಎರಡು ಶಬ್ದವನ್ನೇ ಹೆಸರಾಗಿ ಇಡು.

ಕೆಲಸ ಬಿಟ್ಟುಬಿಡಲಾ ಅಂತ ಅಮ್ಮನ ಹತ್ತಿರ ಕೇಳಿದೆಯಂತೆ. ಬೇಡ. ನಿಸಾರ್ ಅಹಮದ್ ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದವರು. ಸಂಬಳ ಕಲ್ಲು ಮಣ್ಣಿನದು, ಪದ್ಯ ಬೇರೆ. 1978ರಲ್ಲಿ ಅವರ ಪದ್ಯಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಮೈಸೂರು ಅನಂತಸ್ವಾಮಿಯವರ ಸಂಗೀತ. ನಮ್ಮ ಮನೆಯದು ಟೇಪು ಸಿಕ್ಕಿಕೊಂಡು ಸಿಕ್ಕಿಕೊಂಡು ಹಾಳಾಯಿತು. ಪೆನ್ಸಿಲ್ ಹಾಕಿ ಸುತ್ತುತ್ತಿದ್ದದ್ದು ನೀನೇ, ನೆನಪಿದೆಯಾ?

ಇನ್ನೊಂದು ವಿಷಯ. ಹೊರಡುವ ದಿನ ಬೆಳಗ್ಗೆ ಬಚ್ಚಲೊಲೆ ಮುಂದೆ ಕೂತು ಊದುಗೊಳವೆ ಊದುತ್ತಿದ್ದೆಯಲ್ಲ. ಒಲೆ ಹತ್ತುತ್ತಿರಲಿಲ್ಲ. ಸಿಟ್ಟಿನಲ್ಲಿ ಏನೋ ಗುನುಗಿಕೊಂಡೆ, ನಾನು ಕೊಟ್ಟಿಗೆಯಿಂದ ಬರುತ್ತಾ ಕೇಳಿಸಿಕೊಂಡೆ:

ಒದ್ದೆ ಸೌದೆಗೆ ಹೊಗೆಯೆ ಜಾಸ್ತಿ

ಹಾಲಿನ ಚೊಂಬಿನ ಮೇಲೆ ಬೆರಳು ತಾನಾಗಿ ಆಡಿತು. ಒದ್ದೆ, ಮೂರು ಮಾತ್ರೆ. ಸೌದೆಗೆ, ನಾಲ್ಕು. ಏಳಾಯಿತು, ಅಪ್ಪಟ ತ್ರಿವುಡೆ. ಹೊಗೆಯೆ, ಮತ್ತೆ ಮೂರು. ಜಾಸ್ತಿ ಅನ್ನುವಾಗ ಕೊನೆಗೆ ಚೂರು ಎಳೆದೆ, ನಾಲ್ಕಾಯಿತು. ನೀನು ಗಮನಿಸಲೇ ಇಲ್ಲ. ಎದ್ದು ಕಣ್ಣೊರೆಸಿಕೊಂಡು ಮತ್ತೆ ಜಗಲಿಯ ಕುರ್ಚಿಗೆ ಹೋದೆ, ಹಾಡು ಹುಡುಕಲಿಕ್ಕೆ!

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಈ ಸಾಲು ಹೇಳಿದೆ. ಅವಳು ಸಾರು ಬಡಿಸುತ್ತಾ, ತಲೆಯನ್ನೂ ಎತ್ತದೆ ಅಂದಳು:

ಕಣ್ಣು ಕೆಂಪಗೆ ಕಾಫಿ ತಣ್ಣಗೆ

ಎಣಿಸಿ ನೋಡು, ಲೆಕ್ಕ ಸರಿ ಇದೆ. ಆಲ್ಬಮ್ಮಿಗೆ ಹಾಕಿಕೊಂಡರೆ ಅವಳ ಹೆಸರೂ ಹಾಕಬೇಕಂತೆ.

ಇಂತಿ,
ಅಪ್ಪ