ದಿನವೂ ಏದುಸಿರು ಬಿಟ್ಟರೆ ವೇಗ ಬರದು

ಮಾನ್ಯ ಸಂಪಾದಕರೇ,

ಭಾನುವಾರ ನಸುಕಿಗೇ ನಂದಿಬೆಟ್ಟದ ದಾರಿ ಹಿಡಿಯುವ ಸೈಕಲ್ ಸವಾರರಲ್ಲಿ 45 ದಾಟಿದವರೂ ಇರುತ್ತಾರೆ. ವೇಗ ಹೆಚ್ಚುತ್ತಿಲ್ಲ ಎನಿಸಿದಾಗ ಹಲವರು ಮೊದಲು ಹೋಗುವುದು ಅಂಗಡಿಗೆ. ಲಕ್ಷ ಸುರಿದು ಒಂದು ಕಿಲೋ ಹಗುರದ ಫ್ರೇಮು ತರುತ್ತಾರೆ. ಸೊಂಟದ ಸುತ್ತಲಿನ ನಾಲ್ಕು ಕಿಲೋ ಇದ್ದಲ್ಲೇ ಇರುತ್ತದೆ.

ವಾರಕ್ಕೆ ಐದು ದಿನ ಹೋದರೂ ಪ್ರತಿ ಸಲ ಅದೇ ವೇಗ, ಅದೇ ಏದುಸಿರು. ಹೃದಯ, ಶ್ವಾಸಕೋಶ ಪಳಗಲು ಅದು ಸಾಲದು, ಕಾಲು ಚೇತರಿಸಿಕೊಳ್ಳಲು ಅತಿಯಾಯಿತು. ಜೋರಾಗಿ ತುಳಿಯುವುದು ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ. ನಡುವೆ 48 ಗಂಟೆ ಅಂತರವಿರಲಿ. ಉಳಿದ ದಿನ ಪಕ್ಕದವರೊಡನೆ ಉಸಿರು ಕಟ್ಟದೆ ಮಾತಾಡುವಷ್ಟು ನಿಧಾನ. ಹುಡುಗರು ಹಿಂದೆ ಹಾಕಿ ಹೋದರೆ ಹೋಗಲಿ ಬಿಡಿ.

ಜೋರಿನ ದಿನ 15 ನಿಮಿಷ ಮೈ ಬಿಸಿ ಮಾಡಿಕೊಂಡು, ವಾಹನ ಕಡಿಮೆಯಿರುವ ಕಡೆ 4 ನಿಮಿಷ ಬಿರುಸು, 3 ನಿಮಿಷ ಹಗುರ. ಹೀಗೆ 4 ಸಲ. ನಾಡಿಬಡಿತದ ಗರಿಷ್ಠ ಮಿತಿಗೆ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. 50ರವರಿಗೆ 173, ಬಿರುಸಿನ ಕೊನೆಗೆ ಅದರ ಶೇ 90, ಅಂದರೆ 155ರ ಆಸುಪಾಸು ಮುಟ್ಟಿದರೆ ಸಾಕು. ಅಂದಾಜಿನ ಲೆಕ್ಕವಿದು, ಹತ್ತು ಬಡಿತ ಆಚೀಚೆ ಆಗುತ್ತದೆ. ಮೊದಲ ಸುತ್ತಿಗೇ ಕಸುವೆಲ್ಲ ಸುರಿದವರಿಗೆ ನಾಲ್ಕನೆಯದಕ್ಕೆ ಕಾಲು ಬರುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆ ಇರುವವರು, ಬಹಳ ವರ್ಷ ಬಿಟ್ಟು ಮತ್ತೆ ಶುರು ಮಾಡುವವರು ವೈದ್ಯರಿಗೆ ತೋರಿಸದೆ ಇದಕ್ಕೆ ಇಳಿಯಬಾರದು.

ಏರಿನಲ್ಲಿ ದೊಡ್ಡ ಗೇರು ಹಾಕಿ ನಿಮಿಷಕ್ಕೆ 50 ಸುತ್ತು ತುಳಿಯುವ ಶೌರ್ಯಕ್ಕೆ ಮಂಡಿ ಬೆಲೆ ತೆರುತ್ತದೆ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇದ್ದರೆ 70 ಸುತ್ತು ಕಾಯ್ದುಕೊಳ್ಳುವುದು ಸುಲಭ. ಹಳೆಯ ಸೈಕಲ್‌ಗಳ ಗಿಡ್ಡ ಕೇಜಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) 28 ಹಲ್ಲಿಗಿಂತ ದೊಡ್ಡದನ್ನು ತಾಳದಿರಬಹುದು, ಮೆಕ್ಯಾನಿಕ್‌ಗೆ ತೋರಿಸಿಯೇ ಕೊಳ್ಳಿ.

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗವಾದರೆ ಎತ್ತರ. ಗೋಡೆ ಹಿಡಿದು ಸೈಕಲ್ ಏರಿ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಓಲಾಡಬಾರದು. ಬೆರಳ ಬುಡವನ್ನು ಪೆಡಲ್‌ಗೆ ತಂದರೆ ಮಂಡಿ ಬೇಕಾದಷ್ಟು ತಾನೇ ಬಾಗುತ್ತದೆ. ಸೀಟಿನ ಕಂಬಕ್ಕೆ ಟೇಪ್ ಸುತ್ತಿ ಗುರುತು ಮಾಡಿ, ಸಲಕ್ಕೆ 3 ಮಿಲಿಮೀಟರ್ ಮಾತ್ರ ಬದಲಿಸಿ, ವಾರ ಓಡಿಸಿ ನೋಡಿ.

ಬರಿಹೊಟ್ಟೆಯಲ್ಲಿ ಮೂರು ಗಂಟೆ ತುಳಿದು ಕೊನೆಗೆ ಮಸಾಲೆದೋಸೆಗೆ ಮುಗಿಬೀಳುವುದು ನಮ್ಮ ಪದ್ಧತಿ. ಒಂದೂವರೆ ಗಂಟೆ ಮೀರುವ ಸವಾರಿಗೆ ಗಂಟೆಗೆ ಎರಡು ಪಚ್ಚಬಾಳೆ, ಇಲ್ಲವೇ ಮೂರ್ನಾಲ್ಕು ಏಲಕ್ಕಿ ಬಾಳೆ ಜೇಬಿನಲ್ಲಿರಲಿ. 70 ಕಿಲೋ ತೂಕದವರಿಗೆ ದಿನಕ್ಕೆ 85ರಿಂದ 110 ಗ್ರಾಂ ಪ್ರೊಟೀನ್ ಬೇಕು. ಇಡ್ಲಿ ಸಾಂಬಾರಿನಿಂದ ಅದು ಹುಟ್ಟದು. ಮೊಟ್ಟೆ, ಪನೀರ್, ಮೊಸರು, ಕಾಳು ಮೂರು ಹೊತ್ತಿಗೂ ಹಂಚಿಕೊಳ್ಳಬೇಕು.

ಸೈಕಲ್ ಮೇಲೆ ಮೈಭಾರ ಮೂಳೆಗೆ ಬೀಳುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ಸಲ ಭಾರ ಹಿಡಿದು ಬಸ್ಕಿ, ಮೆಟ್ಟಿಲೇರುವಿಕೆ ಬೇಕೇ ಬೇಕು. ಬಿರುಸಿನ ಸವಾರಿಯ ದಿನದ ಸಂಜೆಯೇ ಅದನ್ನು ಮುಗಿಸಿಬಿಟ್ಟರೆ ಮರುದಿನ ಕಾಲಿಗೆ ಪೂರ್ತಿ ಬಿಡುವು ಸಿಗುತ್ತದೆ.

– ಒಬ್ಬ ಸೈಕಲ್ ತರಬೇತುದಾರ, ಬೆಂಗಳೂರು