ಹಳೆಯ ನಾಣ್ಯವನ್ನು ಮೂಸೆಗೆ ಹಾಕುವ ಮೊದಲು

ಮಾನ್ಯ ಸಂಪಾದಕರೇ,

ಬಂಗಾರದ ಬೆಲೆ ಹತ್ತು ಗ್ರಾಂಗೆ ಲಕ್ಷ ರೂಪಾಯಿ ದಾಟಿದ ಮೇಲೆ ನಮ್ಮ ಜಮಖಂಡಿ, ಮುಧೋಳ, ರಬಕವಿ ಕಡೆಯ ಮನೆಗಳಲ್ಲಿ ಹಿರಿಯರ ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿಯುತ್ತಿವೆ. ಮಗಳ ಮದುವೆ, ಬೋರ್‌ವೆಲ್, ಅಣ್ಣತಮ್ಮಂದಿರ ಪಾಲು ಹೀಗೆ ಕಾರಣಗಳು ನೂರು. ಕಷ್ಟಕ್ಕೆ ಒದಗಲಿ ಎಂದೇ ಹಿರಿಯರು ಕೂಡಿಟ್ಟದ್ದನ್ನು ಕಷ್ಟಕಾಲದಲ್ಲಿ ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಪೆಟ್ಟಿಗೆಯ ಹಳೆಯ ನಾಣ್ಯಗಳು ಮುರಿದ ಬೆಂಡೋಲೆ, ತುಂಡಾದ ಸರಗಳ ಜೊತೆ ಒಂದೇ ತಕ್ಕಡಿಗೆ ಬಿದ್ದು, ಸಂಜೆಯೊಳಗೆ ಕರಗಿ ಗಟ್ಟಿಯಾಗುತ್ತಿವೆ. ಇದು ನಿಲ್ಲಬೇಕು.

ಸಹಕಾರಿ ಬ್ಯಾಂಕೊಂದರಲ್ಲಿ ಬಂಗಾರದ ಸಾಲದ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ತಂದೆಯವರು ತೀರಿಕೊಂಡ ಬಳಿಕ ಅಣ್ಣ, ನಾನು, ತಂಗಿ ಮೂವರೂ ಕೂಡಿ ಪಾಲು ಮಾಡಿಕೊಳ್ಳಲು ಅಂಗಡಿಯೊಂದಕ್ಕೆ ಹೋಗಿದ್ದೆವು. ಆರು ಗಿನ್ನಿ, ಹಿಂದಿನ ಅರಸರ ಕಾಲದ ಚಿನ್ನದ ನಾಣ್ಯವಾದ ವರಹ ಎರಡು, ಅಜ್ಜಿಯ ಸರದಿಂದ ಕಳಚಿದ ಒಂದು ಪುತಳಿ ನಾಣ್ಯ. ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತೂಗಿ, ಇಪ್ಪತ್ತೆರಡು ಕ್ಯಾರೆಟ್ ದರ ಹಿಡಿದು, ಸವಕಳಿ ಕಳೆದು ಒಂದು ಮೊತ್ತ ಹೇಳಿದರು. ಆಮೇಲೆ ವರಹವೊಂದರ ಅಂಚನ್ನು ಒರೆಗಲ್ಲಿಗೆ ತಿಕ್ಕಲು ಕೈಗೆತ್ತಿಕೊಂಡರು. ನಾನು ತಡೆದೆ. ಅಂಗಿಯ ಗುಂಡಿಯಷ್ಟು ಅಗಲದ ನಾಣ್ಯ ಅದು, ತೂಕ ಸುಮಾರು 3.4 ಗ್ರಾಂ. ಅದರ ಮೇಲೆ ಒಂದು ಗೀರು ಬಿದ್ದರೂ ಸಂಗ್ರಾಹಕರ ಕಣ್ಣಲ್ಲಿ ಬೆಲೆ ಇಳಿಯುತ್ತದೆ.

ಆ ಲೆಕ್ಕವನ್ನೇ ನೋಡಿ. ಗಿನ್ನಿ ಎಂದು ನಾವು ಕರೆಯುವ ಬ್ರಿಟಿಷ್ ಸಾವರಿನ್ ತೂಗುವುದು 7.98 ಗ್ರಾಂ, ಅದು ಇಪ್ಪತ್ತೆರಡು ಕ್ಯಾರೆಟ್ಟಿನದೇ, ಅದರಲ್ಲಿರುವ ಅಪ್ಪಟ ಚಿನ್ನ 7.32 ಗ್ರಾಂ. ಅಲ್ಲಿಗೆ ಆ ದರ ಸರಿ. ಪುತಳಿಯ ಮಾತು ಬೇರೆ. ಅದು ಇಟಲಿಯ ವೆನಿಸ್ ನಗರದ ಡುಕಾಟ್ ಎಂಬ ಚಿನ್ನದ ನಾಣ್ಯವಾಗಿದ್ದರೆ ಹೆಚ್ಚುಕಡಿಮೆ ಅಪರಂಜಿಯೇ. ಇಪ್ಪತ್ತೆರಡು ಕ್ಯಾರೆಟ್ ದರದಲ್ಲಿ ಕೊಟ್ಟರೆ ಬರೀ ಲೋಹದ ಬೆಲೆಯಲ್ಲೇ ನೂರಕ್ಕೆ ಎಂಟರಷ್ಟು ಕೈಬಿಟ್ಟಂತೆ. ಅದನ್ನು ನೋಡಿ ನಮ್ಮಲ್ಲೇ ಟಂಕಿಸಿದ ಅನುಕರಣೆಗಳೂ ಇವೆ. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಗೆರೆಗಳಿರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಸಾಕು, ಯಾರಿಗಾದರೂ ಕಾಣುತ್ತದೆ.

ವರಹಗಳದು ಇನ್ನೂ ಸೂಕ್ಷ್ಮ. ನಮ್ಮ ಎರಡರಲ್ಲಿ ಒಂದರ ಹಿಂಬದಿ ನಾಗರಿ ಲಿಪಿಯ ಮೂರು ಸಾಲುಗಳಿದ್ದವು. ಧಾರವಾಡದ ನಿವೃತ್ತ ಪ್ರಾಧ್ಯಾಪಕರೊಬ್ಬರು ಬೆಳಕನ್ನು ಓರೆಯಾಗಿ ಬಿಟ್ಟು, ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತ ಓದಿಸಿದರು: ‘ಶ್ರೀ ಪ್ರತಾಪ ಕೃಷ್ಣರಾಯ’. ಇನ್ನೊಂದರಲ್ಲಿ ಶಿವಪಾರ್ವತಿಯರ ಜೋಡಿ ಇತ್ತು, ಅದೂ ವಿಜಯನಗರದ್ದೇ ಎಂದು ಅಣ್ಣ ತೀರ್ಮಾನಿಸಿದ್ದ. ತಿರುಗಿಸಿದರೆ ಹಿಂಬದಿ ಸಣ್ಣ ಚುಕ್ಕಿಗಳ ನಡುವೆ ಒಂದೇ ಒಂದು ಫಾರ್ಸಿ ಅಕ್ಷರ. ಅದು ಹೈದರಾಲಿಯ ವರಹ! ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಒತ್ತಿಸಿದ್ದ ಆತ. ಇಂಥದ್ದನ್ನು ಕರಗಿಸಿ ಬಳೆ ಮಾಡಿಸುವುದೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಹಳೆಯದೆಲ್ಲ ಲಕ್ಷಗಟ್ಟಲೆ ತರುತ್ತದೆ ಎಂಬ ಆಸೆಯೂ ಬೇಡ. ಐದನೆಯ ಜಾರ್ಜ್‌ನ ಸಾಮಾನ್ಯ ವರ್ಷದ ಗಿನ್ನಿಗೆ ಚಿನ್ನದ ಬೆಲೆಗಿಂತ ತುಸು ಹೆಚ್ಚು ಸಿಕ್ಕರೆ ಅದೇ ನ್ಯಾಯದ ಬೆಲೆ. 1918ರ ಗಿನ್ನಿ ಇದ್ದರೆ ಮಾತ್ರ ಹಿಂಬದಿಯ ಚಿತ್ರದಲ್ಲಿರುವ ಕುದುರೆಯ ಕಾಲ ಕೆಳಗಿನ ನೆಲದ ಪಟ್ಟಿಯನ್ನು, ಇಸವಿಯ ಮೇಲ್ಗಡೆ, ಚೆನ್ನಾಗಿ ನೋಡಿ. ಅಲ್ಲಿ ‘ಐ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಮುಂಬಯಿ ಟಂಕಸಾಲೆಯದು. ಅಲ್ಲಿ ಅಚ್ಚಾದ ಸಾವರಿನ್‌ಗಳ ಮೇಲಿರುವುದು ಆ ಒಂದೇ ಇಸವಿ. ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದ ನಾಣ್ಯಕ್ಕೆ ಬೆಲೆ ಕಡಿಮೆ. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಪ್ರತಿವರ್ಷ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿದ್ದಕ್ಕೂ ಅಷ್ಟೇ. ತಾಯಂದಿರೇ, ದಯವಿಟ್ಟು ತಿಕ್ಕಬೇಡಿ, ಅರಿಸಿನ ಕುಂಕುಮ ಇಟ್ಟು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಿ.

ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್-ಕಿರಣ ಬಿಟ್ಟು ಲೋಹ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರ ಗೀರು ಬೀಳದಂತೆ ಶುದ್ಧತೆ ತಿಳಿಸುತ್ತದೆ, ನಿಜ. ಆದರೆ ಅದು ನೋಡುವುದು ಮೇಲ್ಮೈಯ ಲೋಹವನ್ನು. ನಾಣ್ಯ ಅಸಲಿಯೇ ಎಂಬುದನ್ನು ಅದು ಹೇಳಲಾರದು. ಒಳ್ಳೆಯ ಚಿನ್ನದಲ್ಲೇ ಎರಕ ಹೊಯ್ದ ಖೋಟಾ ಗಿನ್ನಿಗಳಿವೆ. ತೂಕ, ವ್ಯಾಸ, ಅಂಚಿನ ಗೀಟುಗಳು, ಅಕ್ಷರಗಳ ಚೂಪು ಇವನ್ನು ನುರಿತ ಕಣ್ಣೇ ನೋಡಬೇಕು. ‘ಪಾಯ ಅಗೆಯುವಾಗ ಸಿಕ್ಕಿತು’ ಎಂದು ನಂಬಿಸಿ, ಪರೀಕ್ಷೆಗೆ ಒಂದು ಅಸಲಿ ನಾಣ್ಯ ಕೊಟ್ಟು, ಆಮೇಲೆ ಹಿತ್ತಾಳೆಯ ಚೀಲ ಸಾಗಹಾಕುವ ವಂಚಕರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ.

ಕಾನೂನಿನ ಭಯದಿಂದಲೂ ಜನ ಅವಸರಪಟ್ಟು ಕರಗಿಸುತ್ತಾರೆ. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಅಜ್ಜ ಕೊಟ್ಟು ಹೋದದ್ದು ನಿಧಿಯಲ್ಲ, ಹೆದರಬೇಕಾಗಿಲ್ಲ. ಪಾಲುಪತ್ರದಲ್ಲಿ ನಾಣ್ಯಗಳ ತೂಕ, ಚಿತ್ರ ಸೇರಿಸಿಕೊಂಡರೆ ಮುಂದೆ ಅದೇ ಆಧಾರ. ನೂರು ವರ್ಷ ಮೀರಿದ ನಾಣ್ಯವನ್ನು ವಿದೇಶದಲ್ಲಿರುವ ಮಗನಿಗೆ ಕಳುಹಿಸಿ ಮಾರಿಸಲು ಮಾತ್ರ 1972ರ ಪುರಾವಸ್ತು ಕಾಯ್ದೆ ಬಿಡುವುದಿಲ್ಲ. ಮಾರಿದ ಲಾಭಕ್ಕೆ ತೆರಿಗೆ ಶೇ 12.5. ಆ ದಿನಕ್ಕೂ ಮೊದಲೇ ತಂದೆ, ಅಜ್ಜಂದಿರ ಕೈಯಲ್ಲಿದ್ದದ್ದಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಕೊಂಡ ಬೆಲೆಯೆಂದು ಹಿಡಿಯಬಹುದು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಬೇಡಿ.

ಬಾದಾಮಿ, ಐಹೊಳೆಗಳಲ್ಲಿ ವಸ್ತುಸಂಗ್ರಹಾಲಯಗಳಿವೆ, ವಿಜಯಪುರದ ಗೋಳಗುಮ್ಮಟದ ಆವರಣದಲ್ಲೂ ಇದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದಲೂ ಇದೆ. ಇಷ್ಟಿದ್ದೂ ಬಾಗಲಕೋಟೆ ಜಿಲ್ಲೆಯ ರೈತನೊಬ್ಬ ತನ್ನ ಮನೆಯ ವರಹ ಯಾವ ಕಾಲದ್ದೆಂದು ಕೇಳಲು ಪರಿಚಯದ ಪ್ರಾಧ್ಯಾಪಕರನ್ನು ಹುಡುಕಬೇಕೇ? ಮೂರು ತಿಂಗಳಿಗೊಮ್ಮೆ ನವನಗರದಲ್ಲಿ ಒಂದು ದಿನ ನಾಣ್ಯತಜ್ಞರು ಕುಳಿತು, ಜನ ತಂದದ್ದನ್ನು ನೋಡಿ, ತೂಗಿ, ಗುರುತಿಸಿ, ಸಹಿ ಮಾಡಿದ ಒಂದು ಚೀಟಿ ಕೊಡುವಂತೆ ಪುರಾತತ್ವ ಇಲಾಖೆ ವ್ಯವಸ್ಥೆ ಮಾಡಲಿ. ನಾಣ್ಯ ಮನೆಯವರ ಕೈಯಲ್ಲೇ ಉಳಿಯಲಿ, ಇಲಾಖೆಗೆ ಅದರ ಚಿತ್ರ ಸಾಕು. ಸರಾಫ ವರ್ತಕರ ಸಂಘಗಳೂ ಒಂದು ನಿಯಮ ಹಾಕಿಕೊಳ್ಳಲಿ: ಅಕ್ಷರ ಅಥವಾ ಮೂರ್ತಿ ಇರುವ ಯಾವ ನಾಣ್ಯವನ್ನೂ ಎರಡೂ ಬದಿಯ ಚಿತ್ರ ತೆಗೆಯದೆ, ಮಾರುವವರಿಗೆ ವಿಷಯ ತಿಳಿಸದೆ ಕರಗಿಸಬಾರದು.

— ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ಜಮಖಂಡಿ